ಉಂಗುರ ಹಿಡಿದರೆ ಟೂಲ್ ಸರಿಯುತ್ತದೆ

ತಿಪಟೂರಿನ ಕಡೆಯಿಂದ ತೆಂಗಿನಕಾಯಿ ಸುಲಿಯುವ ಮೆಷಿನ್ನಿನ ಗೇರ್‌ಬಾಕ್ಸ್ ಬಂದಿತ್ತು. ಒಳಗಿನ 6206 ಬೇರಿಂಗ್ (ಹೊರ ವ್ಯಾಸ 62 ಎಂಎಂ) ಕೂತಲ್ಲೇ ತಿರುಗಿ ತಿರುಗಿ ಬೋರನ್ನು, ಅಂದರೆ ತಾನು ಕೂರುವ ತೂತನ್ನು, ಸವೆಸಿಬಿಟ್ಟಿತ್ತು. ಬೇರಿಂಗ್ ಜಾರದಂತೆ ತಡೆಯುವ ಸ್ಪ್ರಿಂಗ್ ಬಳೆ, ಅಂದರೆ ಸರ್ಕ್ಲಿಪ್, ಕೂರುವ ಒಳಗೋಡೆಯ ಗ್ರೂವ್ ಕೂಡ ಕಿತ್ತುಹೋಗಿತ್ತು.

ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮ ಶೆಡ್. ಲೇತಿಗೆ ಕಟ್ಟೋಣ ಅಂದರೆ ಬಾಕ್ಸಿನ ತೂಕವೆಲ್ಲ ಒಂದೇ ಕಡೆ. ತಿರುಗಿಸಿದರೆ ಅದನ್ನು ಕಟ್ಟಿದ ಫೇಸ್‌ಪ್ಲೇಟ್ ಅದುರುತ್ತದೆ.

"ಮಿಲ್ಲಿಂಗ್‌ಗೆ ಹಾಕು ತಮ್ಮಾ. ಅದು ಸುಮ್ನೆ ಕೂತಿರಲಿ, ಟೂಲ್ ತಿರುಗಲಿ" ಅಂದರು ಮೇಸ್ತ್ರಿ. ಬೀರುವಿನಿಂದ ಆಟೋಮ್ಯಾಟಿಕ್ ಬೋರಿಂಗ್ ಹೆಡ್, ಅಂದರೆ ಬೋರ್ ಕೊರೆಯುವ ಟೂಲ್ ಹಿಡಿಯುವ ಹೆಡ್, ತಂದು ನನ್ನ ಕೈಗಿಟ್ಟರು.

ಬೋರನ್ನು 70 ಎಂಎಂಗೆ ದೊಡ್ಡದು ಮಾಡಿ ಒಳಗೊಂದು ಬುಷ್ (ಕೊಳವೆಯಂಥ ತುಂಡು) ಒತ್ತಿದೆವು. ಅದರೊಳಗೆ 62ಕ್ಕೆ ತರಬೇಕು, ಮೇಲೆ 0.03 ಎಂಎಂ, ಅಂದರೆ 30 ಮೈಕ್ರಾನ್‌ವರೆಗೆ ಮಾತ್ರ ಬಿಡುವು. ಹೆಡ್ಡಿನ ಅಳತೆಯ ಡಯಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಗುರುತಿಗೆ ತರಬೇಕು. ದಾಟಿಹೋದರೆ ಚೆನ್ನಾಗಿ ಹಿಂದೆ ಹೋಗಿ ಮತ್ತೆ ಬರಬೇಕು, ಇಲ್ಲದಿದ್ದರೆ ಸ್ಕ್ರೂವಿನ ಆಟ ಸುಳ್ಳು ಹೇಳುತ್ತದೆ. ಬೋರ್ ಗೇಜಿನಲ್ಲಿ 62.01 ಬಂತು.

ನನಗೆ ಭಯ ಇದ್ದದ್ದು ಗ್ರೂವಿನದ್ದು. ಗ್ರೂವ್ ಕೊರೆದಾಗ ಟೂಲ್ ಬೋರಿಗಿಂತ ಹೊರಗೆ ಚಾಚಿರುತ್ತದೆ. ಹಿಂದೊಮ್ಮೆ ಟೂಲನ್ನು ಒಳಗೆ ಎಳೆದುಕೊಳ್ಳದೆ ಸ್ಪಿಂಡಲ್ ಎತ್ತಿ, ಒಂದು ಒಳ್ಳೆಯ ಬೋರಿನ ಉದ್ದಕ್ಕೂ ಗೀರು ಎಳೆದಿದ್ದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಸಾದಾ ಬೋರಿಂಗ್ ಹೆಡ್ಡಿನಲ್ಲಿ ಟೂಲ್ ಸರಿಸಬೇಕಾದರೆ ಮೆಷಿನ್ ನಿಲ್ಲಿಸಲೇಬೇಕು. ಇದರಲ್ಲಿ ಹೆಡ್ ಸುತ್ತ ಒಂದು ಉಂಗುರ ಇದೆ. ಉಂಗುರ ಹೆಡ್ಡಿನ ಜೊತೆಗೇ ತಿರುಗಿದರೆ ಏನೂ ಆಗುವುದಿಲ್ಲ. ಅದನ್ನು ತಿರುಗದಂತೆ ತಡೆದರೆ ಸಾಕು, ಪ್ರತಿ ಸುತ್ತಿಗೂ ಟೂಲ್ ಒಂದಿಷ್ಟು ಹೊರಗೆ ಸರಿಯುತ್ತದೆ. ನಮ್ಮದರಲ್ಲಿ ಸುತ್ತಿಗೆ 0.05 ಎಂಎಂ. ಎಂಥ ಚೆಂದದ ಬುದ್ಧಿ ಅಲ್ವಾ!

62 ಬೋರಿಗೆ ಗ್ರೂವ್ 65, ಅಗಲ 2.15. ಅಂದರೆ ಒಂದು ಬದಿಗೆ ಒಂದೂವರೆ ಎಂಎಂ, ಲೆಕ್ಕಕ್ಕೆ 30 ಸುತ್ತು. ಆರ್‌ಪಿಎಂ 60ಕ್ಕೆ ಇಳಿಸಿದೆ. ಸ್ಪಿಂಡಲ್ ಮೇಲೆ ಕೆಳಗೆ ಸರಿಯದಂತೆ ಕ್ವಿಲ್ ಲಾಕ್ ಮಾಡಿದೆ. ಉಂಗುರ ತಿರುಗದಂತೆ ಅದರ ಸರಳನ್ನು ಮೆಷಿನ್ನಿನ ಕಾಲಮ್ಮಿಗೆ ಆನಿಸಿದೆ. ಅರ್ಧ ನಿಮಿಷದ ಕೆಲಸ, ಆದರೆ ನಾನು ಉಸಿರು ಬಿಟ್ಟಂತೆ ನೆನಪಿಲ್ಲ. ಬೀಡು ಕಬ್ಬಿಣದ ಪುಡಿ ಸಣ್ಣಗೆ ಉದುರುತ್ತಿತ್ತು. ಹೆಡ್ಡಿನಲ್ಲಿ ಹೊಂದಿಸಿದ್ದ ಸ್ಟಾಪಿಗೆ ತಾಗಿದ್ದೇ ಟೂಲ್ ಸರಿಯುವುದು ನಿಂತಿತು. ಇನ್ನೆರಡು ಸುತ್ತು ಬಿಟ್ಟು ಸ್ಪಿಂಡಲ್ ನಿಲ್ಲಿಸಿದೆ.

ಕೈ ತಾನಾಗೇ ಎತ್ತುವ ಹ್ಯಾಂಡಲಿಗೆ ಹೋಯಿತು. "ಮೊದಲು ಒಳಗೆ ತಗೋ" ಅಂದರು ಮೇಸ್ತ್ರಿ, ದೂರದಿಂದಲೇ. ಕೀ ಹಾಕಿ ಟೂಲನ್ನು ಪೂರ್ತಿ ಒಳಗೆ ತಂದೆ. ಬೆರಳು ಹಾಕಿ ಸುತ್ತಲೂ ಜಾಗ ಇದೆಯಾ ನೋಡಿದೆ. ಆಮೇಲೆ ಎತ್ತಿದೆ.

ಬೋರ್ ಕನ್ನಡಿಯ ಹಾಗಿತ್ತು. ಒಂದು ಗೀರೂ ಇಲ್ಲ.

ಸಂಜೆ ಬಾಕ್ಸಿನ ಯಜಮಾನರು ಬಂದರು. ಬೇರಿಂಗ್ ಕೂರಿಸಿ, ಸರ್ಕ್ಲಿಪ್ ಒತ್ತಿ ಪ್ಲೈಯರ್ ಬಿಟ್ಟೆ. ಟಕ್ ಅಂತ ಕೂತಿತು.

"ಇನ್ನೊಂದು ಸಲ ತೆಗೆದು ಹಾಕಪ್ಪ" ಅಂದರು ಅವರು. ತೆಗೆದು ಹಾಕಿದೆ. ಟಕ್.