ಪಾನಮಿಂಟ್ ಬೆಟ್ಟಸಾಲಿನ ಇದ್ದಿಲು ಗೂಡುಗಳು

ಲಾಸ್ ಏಂಜಲೀಸ್‌ನಿಂದ ಬೆಳಗಿನ ಜಾವಕ್ಕೇ ಹೊರಟು ಟ್ರೋನಾ ದಾಟಿದೆವು. ರಸ್ತೆ ಒಂದು ಗುಡ್ಡ ಹತ್ತಿ ಪಾನಮಿಂಟ್ ಕಣಿವೆಗೆ ಇಳಿಯಿತು. ಎದುರಿಗೇ ಬೆಟ್ಟಸಾಲು. ಬುಡದಿಂದ ಬರೀ ಬೋಳು ಬಂಡೆ, ತುದಿಯಲ್ಲಿ ಮಾತ್ರ ತೆಳ್ಳಗೆ ಹಿಮ. ಇದರ ಆಚೆ ಮಗ್ಗುಲಿಗೇ ಡೆತ್ ವ್ಯಾಲಿ. ಬಂದವರೆಲ್ಲ ಕೆಳಗಿನ ಉಪ್ಪಿನ ಬಯಲು ನೋಡಿ ವಾಪಸ್ ಹೋಗುವುದೇ ಜಾಸ್ತಿ. ನಾನು, ನನ್ನ ಹೆಂಡತಿ ನವೆಂಬರ್‌ನಲ್ಲಿ ಹೋಗಿದ್ದು ಈ ಬೆಟ್ಟಕ್ಕಾಗಿ.

ಇಲ್ಲಿ ಭೂಮಿಯ ಹೊರಪದರ ಲಕ್ಷಾಂತರ ವರ್ಷಗಳಿಂದ ಹಿಗ್ಗುತ್ತಲೇ ಇದೆ. ಹಿಗ್ಗಿ ಬಿರುಕು ಬಿಟ್ಟ ಕಡೆ ಒಂದು ತುಂಡು ಮೇಲೆದ್ದು ಬೆಟ್ಟವಾಯಿತು, ಪಕ್ಕದ್ದು ಕುಸಿದು ಕಣಿವೆಯಾಯಿತು. ಸಾಲಿನ ಅತಿ ಎತ್ತರದ ಟೆಲಿಸ್ಕೋಪ್ ಪೀಕ್ 3,368 ಮೀಟರ್. ಅದರ ಪೂರ್ವಕ್ಕಿರುವ, ಡೆತ್ ವ್ಯಾಲಿಯ ಉಪ್ಪಿನ ಬಯಲು ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಪಶ್ಚಿಮದಲ್ಲಿ ಸಿಯೆರಾ ನೆವಾಡಾ ಮಳೆಮೋಡಗಳನ್ನು ತಡೆಯುವುದರಿಂದ ಕಣಿವೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 5 ಸೆಂಟಿಮೀಟರ್, ಅಷ್ಟೇ. ಮೇಲೆ ಮಾತ್ರ ಹಿಮ ಬೀಳುತ್ತದೆ, ಒರತೆಗಳಿವೆ, ಪಿನ್ಯನ್ ಪೈನ್ ಮರಗಳಿವೆ. ಬೆಳ್ಳಿ, ಚಿನ್ನ ಹುಡುಕಿಕೊಂಡು ಬಂದವರೆಲ್ಲ ಕೊನೆಗೆ ಸೌದೆಗೋ ನೀರಿಗೋ ಈ ತುದಿಯನ್ನೇ ನೋಡಬೇಕಾಯಿತು.

ವೈಲ್ಡ್‌ರೋಸ್ ಕಣಿವೆಯ ರಸ್ತೆಯ ಕೊನೆಯ ಭಾಗ ಜಲ್ಲಿ. ಅದರ ಪಕ್ಕದಲ್ಲೇ ಕಲ್ಲಿನ 10 ಗೂಡುಗಳು ಒಂದೇ ಸಾಲಿನಲ್ಲಿ ನಿಂತಿವೆ, ಕೋಳಿ ಮುಚ್ಚುವ ಮಂಕರಿ ಬೋರಲು ಹಾಕಿದ ಹಾಗೆ. ಒಂದೊಂದೂ ಸುಮಾರು 25 ಅಡಿ ಎತ್ತರ. ಕಟ್ಟಿದ್ದು 1877ರಲ್ಲಿ. ಇಲ್ಲಿಂದ 40 ಕಿಲೋಮೀಟರ್ ಪಶ್ಚಿಮಕ್ಕೆ, ಆರ್ಗಸ್ ಬೆಟ್ಟಗಳಲ್ಲಿ ಮೊಡಾಕ್ ಕಂಪನಿಯ ಸೀಸ–ಬೆಳ್ಳಿಯ ಗಣಿ ಇತ್ತು. ಅದಿರು ಕರಗಿಸಲು ಇದ್ದಿಲು ಬೇಕು, ಆದರೆ ಅಲ್ಲಿ ಸುತ್ತಮುತ್ತ ಮರವಿಲ್ಲ. ಇಲ್ಲಿನ ಪಿನ್ಯನ್ ಮರಗಳನ್ನು ಕಡಿದು, ಒಂದೊಂದು ಗೂಡಿಗೆ 150 ಘನ ಮೀಟರಿನಷ್ಟು ಸೌದೆ ತುಂಬಿ, ಬೆಂಕಿ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಬುಡದಲ್ಲಿರುವ ಸಣ್ಣ ಕಿಂಡಿಗಳನ್ನು ತೆರೆದು ಮುಚ್ಚಿ ಗಾಳಿಯನ್ನು ಹದ ಮಾಡುವುದು ಕೆಲಸ. ವಾರದಷ್ಟು ಹೊತ್ತು ಸುಟ್ಟು, ಆಮೇಲೆ ಆರಲು ಬಿಡಬೇಕು.

ಬಗ್ಗಿ ಒಳಗೆ ಹೋದೆವು. ಗೋಡೆ ಒಂದೇ ಸಮ ಕಪ್ಪು. "ಹೊಗೆ ವಾಸನೆ ಬರ್ತಿದೆ ಅಲ್ವಾ?" ಎಂದಳು ಹೆಂಡತಿ. ಹೌದು, ಬರುತ್ತಿತ್ತು! ಇವು ಉರಿದದ್ದು ಎರಡು–ಮೂರು ವರ್ಷ ಮಾತ್ರ. ವಾಸನೆ ಇನ್ನೂ ಕಲ್ಲಿನಲ್ಲಿ ಕೂತಿದೆ. ಗೂಡುಗಳು ಚೆನ್ನಾಗಿವೆ, ನಿಜ. ಆದರೆ ಕಡಿದ ಮರಗಳ ವಿಚಾರ ನನ್ನನ್ನು ಕಾಡಿತು. ಈ ನೆಲದ ಟಿಂಬಿಷಾ ಶೋಶೋನಿ ಜನರಿಗೆ ಪಿನ್ಯನ್ ಬೀಜ ಚಳಿಗಾಲದ ಊಟ. ಬೇಸಿಗೆಯ ಸುಡುಬಿಸಿಲಿನಲ್ಲಿ ಕಣಿವೆ ಬಿಟ್ಟು ಬೆಟ್ಟ ಹತ್ತುತ್ತಿದ್ದರು, ಶರತ್ಕಾಲದಲ್ಲಿ ಕಾಯಿ ಉದುರಿಸುತ್ತಿದ್ದರು. ಕಂಪನಿಗೆ ಅದು ಸುಮ್ನೆ ಸೌದೆ. 2000ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಈ ಜನರಿಗೆ ಸ್ವಲ್ಪ ನೆಲ ಹಿಂತಿರುಗಿಸಿತು. ಅಷ್ಟು ತಡವಾಗಬಾರದಿತ್ತು.

ನೀರಿನ ಕಥೆ ಇದೇ ಬೆಟ್ಟಸಾಲಿನ ಸ್ಕಿಡೂ ಎಂಬ ಹಳೆಯ ಗಣಿ ಊರಿನಲ್ಲಿದೆ. 1906ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಅದಿರು ಕುಟ್ಟುವ ಯಂತ್ರಕ್ಕೆ ನೀರು ಬೇಕಿತ್ತು. ಟೆಲಿಸ್ಕೋಪ್ ಪೀಕ್ ಬಳಿಯ ಒರತೆಯಿಂದ ಸುಮಾರು 37 ಕಿಲೋಮೀಟರ್ ಪೈಪ್ ಎಳೆದು ತಂದರು. ಪೈಪ್ ಹೋದರೂ ಅದರ ಜಾಡು ಗುಡ್ಡದ ಮೇಲೆ ಗೀರಿನಂತೆ ಉಳಿದಿದೆ. ಗಣಿ 1917ರಲ್ಲಿ ನಿಂತಿತು, ಊರೂ ಖಾಲಿಯಾಯಿತು.

ಇದೇ ಬೆಟ್ಟದಲ್ಲಿ, ಅದಕ್ಕೂ ಮೊದಲು, ನೀರು ಪಾನಮಿಂಟ್ ಸಿಟಿ ಎಂಬ ಗಣಿ ಊರನ್ನು ಕೊಚ್ಚಿಕೊಂಡು ಹೋಗಿದ್ದೂ ಹೌದು. 1873ರಲ್ಲಿ ಸರ್‌ಪ್ರೈಸ್ ಕಣಿವೆಯ ತಲೆಯಲ್ಲಿ ಬೆಳ್ಳಿ ಸಿಕ್ಕು, ವರ್ಷದೊಳಗೆ ಊರೆದ್ದಿತು. ಬೆಳ್ಳಿ ತೀರುತ್ತಾ ಬಂದಿದ್ದಾಗಲೇ 1876ರ ಜುಲೈನಲ್ಲಿ ದಿಢೀರ್ ಪ್ರವಾಹ ನುಗ್ಗಿತು. ಈಗ ಉಳಿದಿರುವ ದೊಡ್ಡ ಗುರುತು ಇಟ್ಟಿಗೆಯ ಹೊಗೆಕೊಳವೆ. ನಡೆದೇ ಹತ್ತಬೇಕು, ನಾವು ಕಣಿವೆಯ ಬಾಯಿಂದಲೇ ವಾಪಸಾದೆವು.

ಹೋಗುವವರು ಟ್ರೋನಾದಲ್ಲೇ ಪೆಟ್ರೋಲ್, ನೀರು ತುಂಬಿಸಿಕೊಳ್ಳಿ. ಮೇಲೆ ಫೋನ್ ಸಿಗುವುದಿಲ್ಲ. ಪ್ರವಾಹಕ್ಕೆ ರಸ್ತೆಗಳು ಇವತ್ತಿಗೂ ಕಿತ್ತುಹೋಗುತ್ತವೆ, ತೆರೆದಿದೆಯಾ ಎಂದು ಮೊದಲೇ ವಿಚಾರಿಸಿ. ಹಳೆಯ ಗಣಿ ಬಾಯಿಗಳ ಒಳಗೆ ಮಾತ್ರ ಕಾಲಿಡಬೇಡಿ.