ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಬಿಚ್ಚಲು ಹಿಡಿದ ಮೂರು ಭಾನುವಾರ

ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ಅಪ್ಪ ಕೊಂಡ 2001ರ ಹೋಂಡಾ ಸಿಟಿ ಕಾರು ಇನ್ನೂ ಓಡುವ ಸ್ಥಿತಿಯಲ್ಲಿದೆ. ಅದರ ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನು ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ಬೆಲ್ಟ್, ಬದಲಿಸುವ ಕಾಲ ಬಂದಿತ್ತು. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ನುಗಳು ತೆರೆದ ವಾಲ್ವುಗಳಿಗೆ ಬಡಿದು ಅವುಗಳನ್ನು ಬಗ್ಗಿಸಿಬಿಡುತ್ತವೆ. ಆದ್ದರಿಂದ ಈ ಕೆಲಸವನ್ನು ಮುಂದೂಡುವಂತಿರಲಿಲ್ಲ. ಬೆಲ್ಟ್ ಕೈಗೆ ಸಿಗಬೇಕಾದರೆ ಕೆಳಗಿನ ಕವರ್ ತೆಗೆಯಬೇಕು, ಕವರ್ ತೆಗೆಯಬೇಕಾದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಪುಲ್ಲಿಯನ್ನು ಎಳೆಯಬೇಕು, ಆ ಪುಲ್ಲಿಯನ್ನು ಹಿಡಿದಿರುವುದು ನಟ್ಟನಡುವಿನ ಒಂದೇ ಒಂದು ಬೋಲ್ಟು. ನನ್ನ ಮೂರು ಭಾನುವಾರಗಳು ಆ ಒಂದು ಬೋಲ್ಟಿಗೇ ಹೋದವು.

ಈ ಬಗೆಯ ಎಂಜಿನ್ನುಗಳಲ್ಲಿ ಆ ಬೋಲ್ಟನ್ನು ಬಿಗಿಯಬೇಕಾದ ಟಾರ್ಕ್ (ತಿರುಚುಬಲ) ಸುಮಾರು 180 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಟಾಮಿಯ (ಸಾಕೆಟ್ ತಿರುಗಿಸುವ ಸರಳಿನ) ತುದಿಯಲ್ಲಿ 18 ಕಿಲೋ ಭಾರ ತೂಗಿಬಿಟ್ಟರೆ ಎಷ್ಟಾಗುತ್ತದೋ ಅಷ್ಟು, ಕೇಳಲು ದೊಡ್ಡದೇನಲ್ಲ. ಆದರೆ ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ, ವಾಷರಿನ ಅಡಿಯಲ್ಲಿ ತುಕ್ಕು ಕೂತ ಮೇಲೆ ಬಿಚ್ಚಲು ಬೇಕಾಗುವ ಬಲ ಇದರ ಎರಡು ಮೂರು ಪಟ್ಟು ಆಗಬಹುದು. ನಮ್ಮ ಕಾರಿನ ಹಿಂದಿನ ಬೆಲ್ಟನ್ನು ಹಾಕಿದ ಗ್ಯಾರೇಜಿನವರು ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾ ಮುಟ್ಟದೆ ಗಾಳಿಯ ಗನ್ನಿನಿಂದಲೇ ಬಿಗಿದದ್ದನ್ನು ನಾನು ನಿಂತು ನೋಡಿದ್ದೆ. ಅಂದು ಸುಮ್ಮನಿದ್ದದ್ದಕ್ಕೆ ಈಗಲೂ ಬೇಸರವಿದೆ.

ಮೊದಲ ಭಾನುವಾರ ಎಡಗಡೆಯ ಮುಂದಿನ ಚಕ್ರ ಬಿಚ್ಚಿ, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರನ್ನು ಐದಕ್ಕೆ ಹಾಕಿ, ತಮ್ಮನನ್ನು ಬ್ರೇಕ್ ಒತ್ತಿ ಹಿಡಿಯಲು ಕೂರಿಸಿದೆ. ಐದನೆಯ ಗೇರೇ ಏಕೆಂದರೆ, ಕ್ರ್ಯಾಂಕಿನ ಮೇಲೆ ನಾವು ಹಾಕುವ ತಿರುಚುಬಲ ಗೇರ್‌ಬಾಕ್ಸ್ ದಾಟಿ ಚಕ್ರಕ್ಕೆ ಹೋಗುವಾಗ ಆ ಗೇರಿನಲ್ಲಿ ಅತಿ ಕಡಿಮೆ ಹೆಚ್ಚಾಗುತ್ತದೆ, ಹಾಗಾಗಿ ಬ್ರೇಕಿಗೆ ತಡೆಯಲು ಸುಲಭವಾಗುತ್ತದೆ. ಅರ್ಧ ಇಂಚಿನ ಎಕ್ಸ್‌ಟೆನ್ಷನ್ ರಾಡನ್ನು ಬೋಲ್ಟಿನ ಸಾಕೆಟ್ಟಿಗೆ ಸೇರಿಸಿ, ಅದಕ್ಕೆ ಟಾಮಿ ಹಾಕಿ, ಟಾಮಿಗೆ ಪೈಪು ತೊಡಿಸಿ ಒತ್ತಿದೆ. ಪೈಪು ಒಂದು ಗೇಣು ಕೆಳಗಿಳಿಯುತ್ತಿತ್ತು, ಬಿಟ್ಟರೆ ಮತ್ತೆ ಮೇಲೇಳುತ್ತಿತ್ತು. ಎಂಜಿನ್ನು ತನ್ನ ಮೌಂಟಿಂಗ್ ರಬ್ಬರಿನ ಮೇಲೆ ವಾಲುತ್ತಿತ್ತೇ ಹೊರತು ಬೋಲ್ಟು ಕೂದಲೆಳೆಯಷ್ಟೂ ಕದಲಲಿಲ್ಲ.

ಪರಿಚಯದ ಮಿಸ್ತ್ರಿಯೊಬ್ಬರು ಫೋನಿನಲ್ಲಿ, "ಟಾಮಿ ನೆಲಕ್ಕ ಆನಿಸಿ ಒಮ್ಮೆ ಸೆಲ್ಫ್ ಹೊಡೀರಿ ಸರ್, ಟಕ್ ಅಂತ ಬಿಡ್ತೈತಿ" ಎಂದರು. ಬಹಳಷ್ಟು ಕಾರುಗಳಲ್ಲಿ ಇದು ನಿಜಕ್ಕೂ ಫಲಿಸುವ ಉಪಾಯ. ಪುಲ್ಲಿಯ ಕಡೆಯಿಂದ ನೋಡಿದಾಗ ಎಂಜಿನ್ನು ಗಡಿಯಾರದ ಮುಳ್ಳಿನಂತೆ ತಿರುಗುವುದಾದರೆ, ಬೋಲ್ಟನ್ನು ತಡೆದು ಹಿಡಿದು ಸ್ಟಾರ್ಟರ್ ತಿರುಗಿಸಿದಾಗ ಕ್ರ್ಯಾಂಕ್ ಮುಂದೆ ಹೋಗಿ ಬೋಲ್ಟು ಸಡಿಲವಾಗುತ್ತದೆ. ಆದರೆ ಹೋಂಡಾದ ಈ ಹಳೆಯ ಡಿ ಸರಣಿಯ ಎಂಜಿನ್ನು ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ, ಬೋಲ್ಟಿನ ಥ್ರೆಡ್ ಮಾತ್ರ ಎಲ್ಲ ಬೋಲ್ಟುಗಳಂತೆ ಬಲಗೈಯದು. ಇಲ್ಲಿ ಸೆಲ್ಫ್ ಹೊಡೆದರೆ ಬೋಲ್ಟು ಇನ್ನಷ್ಟು ಬಿಗಿಯುತ್ತದೆ. ಸಂಶಯ ಉಳಿಯದಿರಲೆಂದು ನಾನು ಟಾಮಿ, ಸಾಕೆಟ್ ಎಲ್ಲ ತೆಗೆದಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ನು ಸ್ಟಾರ್ಟ್ ಆಗದಂತೆ ಇಗ್ನಿಷನ್ನಿನ ಕನೆಕ್ಟರ್ ಕಳಚಿ, ತಮ್ಮನಿಂದ ಕ್ಷಣಮಾತ್ರ ಸೆಲ್ಫ್ ಹೊಡೆಸಿ ಪುಲ್ಲಿ ತಿರುಗುವ ದಿಕ್ಕನ್ನು ಕಣ್ಣಾರೆ ನೋಡಿದೆ. ಯಾವ ಕಾರಿನಲ್ಲೇ ಆಗಲಿ, ಇಷ್ಟನ್ನು ನೋಡದೆ ಆ ಉಪಾಯಕ್ಕೆ ಕೈಹಾಕಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಗ್ಯಾಸಿನ ಉರಿ ಹಿಡಿಯುವುದನ್ನೂ ನಾನು ಒಪ್ಪುವುದಿಲ್ಲ; ಬೋಲ್ಟಿನ ಹಿಂದೆಯೇ ಕ್ರ್ಯಾಂಕಿನ ಆಯಿಲ್ ಸೀಲಿದೆ, ಪುಲ್ಲಿಯ ಒಳವೃತ್ತ ಮತ್ತು ಹೊರವೃತ್ತಗಳ ನಡುವೆ ಕಂಪನ ಹೀರುವ ರಬ್ಬರಿನ ಪದರವಿದೆ. ಅದೇ ಕಾರಣಕ್ಕೆ ಪುಲ್ಲಿಯ ಹೊರಅಂಚಿಗೆ ಚೈನ್ ಪಾನಾ ಬಿಗಿಯುವುದೂ ತಪ್ಪು.

ಎರಡನೆಯ ಭಾನುವಾರ ಪಕ್ಕದ ಮನೆಯ ಕಾಕಾ ಬಂದು ನಿಂತರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಒಂದು ಮಾತೂ ಆಡದೆ ಮೊಮ್ಮಗಳ ಸೀಮೆಸುಣ್ಣ ತರಿಸಿ, ಎಕ್ಸ್‌ಟೆನ್ಷನ್ ರಾಡಿನ ಉದ್ದಕ್ಕೂ ನೇರವಾದ ಒಂದು ಗೆರೆ ಎಳೆದು, "ಈಗ ಒತ್ತು ನೋಡೂಣು" ಎಂದರು. ಒತ್ತಿದೆ. ಟಾಮಿಯ ಕಡೆಯ ಗೆರೆ ಕೆಳಗೆ ಸರಿಯಿತು, ಸಾಕೆಟ್ಟಿನ ಕಡೆಯ ಗೆರೆ ಇದ್ದಲ್ಲೇ ನಿಂತಿತು. ನೆಟ್ಟಗಿದ್ದ ಬಿಳಿ ಗೆರೆ ಹಗ್ಗದ ಹುರಿಯಂತೆ ಓರೆಯಾಗಿ ಸುತ್ತಿಕೊಂಡಿತ್ತು. "ಬೋಲ್ಟಲ್ಲ ತಮ್ಮಾ, ನಿನ್ನ ರಾಡು ತಿರಗಾಕತ್ತೈತಿ. ನಿನ್ನ ಜೋರೆಲ್ಲಾ ಸ್ಪ್ರಿಂಗಿನಾಗ ಹೊಂಟೈತಿ" ಎಂದರು. ನಾನು ಇನ್ನೊಮ್ಮೆ ಜಗ್ಗಿದಾಗ ರಾಡಿನ ಚೌಕದ ತುದಿ ಮುರಿದು, ನನ್ನ ಬೆರಳಿನ ಗೆಣ್ಣು ಫೆಂಡರಿಗೆ ಬಡಿದು ಚರ್ಮ ಸುಲಿಯಿತು.

ಆ ಗೆರೆ ಕಲಿಸಿದ್ದನ್ನು ನಾನು ಮರೆಯಲಾರೆ. ರಾಡು ತಿರುಚಿಕೊಳ್ಳದೆ ನಿಲ್ಲುವ ಶಕ್ತಿ ಅದರ ದಪ್ಪದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ. ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನ ರಾಡು ಹಾಕಿದರೆ ದಪ್ಪ ಒಂದೂವರೆ ಪಟ್ಟು, ಆದರೆ ಗಟ್ಟಿತನ ಸುಮಾರು ಐದು ಪಟ್ಟು. ಅದರ ಜೊತೆಗೆ ಬ್ರೇಕ್, ಡ್ರೈವ್ ಶಾಫ್ಟ್, ಗೇರ್‌ಬಾಕ್ಸ್, ಕ್ಲಚ್ಚುಗಳ ಉದ್ದನೆಯ ಸಾಲಿನಿಂದ ಕ್ರ್ಯಾಂಕನ್ನು ಹಿಡಿಯುವ ಬದಲು ಪುಲ್ಲಿಯನ್ನೇ ನೇರವಾಗಿ ಹಿಡಿದರೆ ಉಳಿದ ಅಲುಗಾಟವೂ ಹೋಗುತ್ತದೆ. ನಮ್ಮ ಪುಲ್ಲಿಯ ನಡುವೆ ಅದಕ್ಕೆಂದೇ 50 ಮಿಲಿಮೀಟರಿನ ಆರುಮೂಲೆಯ ಗುಳಿ ಇದೆ. ಅದಕ್ಕೆ ಕೂರುವ ಟೂಲು ಸಿಗದಿದ್ದಾಗ ಕಾಕಾ ಹೇಳಿದ್ದು ಸರಳವಾಗಿತ್ತು: ಎಂ33, ಅಂದರೆ 33 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಕೂರುವ ನಟ್ಟಿನ ಹೊರ ಅಳತೆ ಸರಿಯಾಗಿ 50 ಮಿಲಿಮೀಟರ್, ಅದರ ತೂತಿನಲ್ಲಿ ನಮ್ಮ ಸಾಕೆಟ್ಟು ಸಲೀಸಾಗಿ ಹಾಯುತ್ತದೆ. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಎರಡೂವರೆ ಅಡಿಯ ದಪ್ಪ ಪಟ್ಟಿಗೆ ತೂತು ಕೊರೆಸಿ ಆ ನಟ್ಟನ್ನು ಬೆಸೆಸಿಕೊಂಡು ಬಂದೆ.

ಮೂರನೆಯ ಭಾನುವಾರ ಪಟ್ಟಿಯನ್ನು ಪುಲ್ಲಿಗೆ ಕೂರಿಸಿ, ಕಾರಿನ ಮುಂಭಾಗದ ಕಡೆಗೆ ವಾಲಿಸಿ, ಅದರ ತುದಿಯನ್ನು ನೆಲದ ಮೇಲಿನ ಕಟ್ಟಿಗೆಯ ದಿಮ್ಮಿಗೆ ಆನಿಸಿದೆವು. ಮುಕ್ಕಾಲು ಇಂಚಿನ ರಾಡಿನ ಹೊರತುದಿಗೆ ಇನ್ನೊಂದು ಸ್ಟ್ಯಾಂಡನ್ನು ಆಸರೆ ಕೊಟ್ಟೆವು, ಇಲ್ಲದಿದ್ದರೆ ಮೈಭಾರಕ್ಕೆ ರಾಡು ಕೆಳಗೆ ಜಗ್ಗಿ ಆರುಮೂಲೆಯ ಸಾಕೆಟ್ಟು ಬೋಲ್ಟಿನ ತಲೆಯಿಂದ ಜಾರುತ್ತದೆ. ಪೈಪು 1.2 ಮೀಟರ್, ನನ್ನ ತೂಕ 68 ಕಿಲೋ. ಪೂರ್ತಿ ಭಾರ ಬಿಟ್ಟರೆ 800 ನ್ಯೂಟನ್ ಮೀಟರ್. ಅಷ್ಟು ಬೇಕಾಗಲಿಲ್ಲ. ಎದೆಯ ಭಾರವನ್ನು ನಿಧಾನವಾಗಿ ಪೈಪಿನ ಮೇಲೆ ಹಾಕುತ್ತ ಹೋದಂತೆ, ಒಣ ಕಟ್ಟಿಗೆ ಮುರಿದಂಥ ಒಂದು ಸದ್ದು ಬಂತು. ಹೊಸ ರಾಡಿನ ಮೇಲೂ ಎಳೆದಿದ್ದ ಸೀಮೆಸುಣ್ಣದ ಗೆರೆ ನೆಟ್ಟಗೆ ಇತ್ತು, ಪೈಪು ಕೆಳಗೆ ಹೋಗಿ ಅಲ್ಲೇ ಉಳಿಯಿತು. "ಬಂತು ನೋಡು" ಎಂದರು ಕಾಕಾ. ಹೊರಗೆ ಬಂದ ಬೋಲ್ಟಿನ ಥ್ರೆಡ್ಡು ಹೊಳೆಯುತ್ತಿತ್ತು, ವಾಷರಿನ ಅಡಿಭಾಗ ಮಾತ್ರ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಬೆಲ್ಟ್, ಟೆನ್ಷನರ್, ನೀರಿನ ಪಂಪು ಬದಲಿಸಲು ಒಂದು ಮಧ್ಯಾಹ್ನ ಸಾಕಾಯಿತು. ಮರಳಿ ಬಿಗಿಯುವಾಗ ಪಟ್ಟಿಯನ್ನು ಹಿಂಬದಿಗೆ ತಿರುಗಿಸಿ ಆನಿಸಿ, ತುಕ್ಕು ಒರೆಸಿದ ವಾಷರಿನೊಂದಿಗೆ ಟಾರ್ಕ್ ಪಾನಾದಿಂದ ಅಳತೆಯಷ್ಟೇ ಬಿಗಿದಿದ್ದೇನೆ. ನಟ್ಟು ಬೆಸೆದ ಆ ಪಟ್ಟಿ ಈಗ ನಮ್ಮ ಜಗುಲಿಯ ಮೂಲೆಯಲ್ಲಿದೆ. ಹುಬ್ಬಳ್ಳಿ ಧಾರವಾಡದಲ್ಲಿ ಇದೇ ಎಂಜಿನ್ನಿನ ಕಾರು ಇಟ್ಟುಕೊಂಡ ಪರಿಚಿತರು ಬೇಕಾದಾಗ ಬಂದು ಒಯ್ಯಬಹುದು.