ಅಪ್ಪಾ, ಅಷ್ಟು ಬೇಗ ನಡೀಬೇಡ

1996ನೇ ಇಸವಿ, ಎರಡನೇ ಬಿ.ಎ. ಊಟ ಆದ ಮೇಲಿನ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅರ್ಧ ಕ್ಲಾಸು ತೂಕಡಿಸುತ್ತಿತ್ತು, ನಾನೂ ಸೇರಿ. ಆವತ್ತು ವಿಲಿಯಂ ಬ್ಲೇಕ್. ಕಳೆದುಹೋದ ಹುಡುಗನ ಮೇಲೆ 1789ರಲ್ಲಿ ಅವನು ಅಚ್ಚು ಹಾಕಿದ ಎಂಟೇ ಸಾಲಿನ ಪದ್ಯ. ಮೇಷ್ಟ್ರು ಮೊದಲ ಸಾಲನ್ನು ಕನ್ನಡದಲ್ಲೇ ಹೇಳಿದರು: “ಅಪ್ಪಾ, ಅಪ್ಪಾ, ಎಲ್ಲಿಗೆ ಹೊರಟೆ? ಅಷ್ಟು ಬೇಗ ನಡೀಬೇಡ.”

ಆಮೇಲೆ ಪುಸ್ತಕ ಮುಚ್ಚಿ, “ಪರೀಕ್ಷೆಗೆ ಇಷ್ಟು ಸಾಕು” ಅಂದು ಜಪಾನಿಗೆ ಹೊರಟುಬಿಟ್ಟರು.

ಅಲ್ಲಿನ ಕಾದಂಬರಿಕಾರ ಕೆಂಜಬುರೊ ಓಎ. ಎರಡು ವರ್ಷದ ಹಿಂದಷ್ಟೇ ನೊಬೆಲ್ ಬಂದಿತ್ತು, ನಮಗೆ ಹೆಸರೂ ಗೊತ್ತಿರಲಿಲ್ಲ. 1963ರಲ್ಲಿ ಅವರ ಮೊದಲ ಮಗ ಹುಟ್ಟಿದಾಗ ತಲೆಬುರುಡೆಯ ತೂತಿನಿಂದ ಮೆದುಳಿನ ಭಾಗ ಹೊರಗೆ ಉಬ್ಬಿತ್ತು. ಆಪರೇಷನ್ ಮಾಡಿದರೂ ಬುದ್ಧಿ ಬೆಳೆಯುವುದು ಕಷ್ಟ. ಅಪ್ಪನಿಗಿನ್ನೂ 28. ಬರೆಯುವ ಕೆಲಸದ ಮೇಲೆ ಹಿರೋಷಿಮಾಕ್ಕೆ ಹೋದರು. ತಾವೇ ಬಾಂಬಿಗೆ ಸಿಕ್ಕಿಯೂ ರೋಗಿಗಳನ್ನು ಬಿಡದ ಡಾಕ್ಟರನ್ನು ಅಲ್ಲಿ ಕಂಡು ಬಂದರು. ಆಪರೇಷನ್ ಆಯಿತು. ಮಗುವಿಗೆ ಹಿಕಾರಿ ಅಂತ ಹೆಸರಿಟ್ಟರು, ಬೆಳಕು ಅಂತ ಅರ್ಥ.

ಹುಡುಗನಿಗೆ ಮಾತು ಬರಲಿಲ್ಲ. ಹಕ್ಕಿಗಳ ಕೂಗಿನ ರೆಕಾರ್ಡ್ ಹಾಕಿದರೆ ಮಾತ್ರ ಸುಮ್ನೆ ಕೇಳುತ್ತಿದ್ದ. ಒಂದು ಕೂಗು, ಆಮೇಲೆ ಒಂದು ಗಂಡಸಿನ ದನಿ ಆ ಹಕ್ಕಿಯ ಹೆಸರು ಹೇಳುತ್ತದೆ. ಆರು ವರ್ಷವಿದ್ದಾಗ ಬೇಸಿಗೆ ಮನೆಯ ಹತ್ತಿರದ ಕಾಡಿನಲ್ಲಿ ಯಾವುದೋ ಹಕ್ಕಿ ಕೂಗಿತು. ಅಪ್ಪನ ಹೆಗಲ ಮೇಲಿಂದ, ಥೇಟ್ ಆ ರೆಕಾರ್ಡಿನ ದನಿಯಲ್ಲೇ ಬಂತು: “ಇದು ಕುಯಿನಾ.”

“ನಮ್ಮ ಹುಂಡುಕೋಳಿ ಇದೆಯಲ್ಲ, ಅದರ ಬಳಗದ್ದು,” ಅಂದರು ಮೇಷ್ಟ್ರು. ಅಪ್ಪ ಉಸಿರು ಬಿಗಿಹಿಡಿದು, ಹಕ್ಕಿ ಇನ್ನೊಂದು ಸಲ ಕೂಗಲಿ ಅಂತ ಕಾದರಂತೆ. ಮೇಷ್ಟ್ರೂ ಅಷ್ಟು ಹೊತ್ತು ಮಾತಾಡದೆ ನಿಂತರು. ಹಿಂದಿನ ಬೆಂಚಿನವರೂ ಎದ್ದು ಕೂತಿದ್ದರು.

ಹುಡುಗ ಮುಂದೆ ಸಂಗೀತ ಬರೆದ, 1992ರಲ್ಲಿ ಸಿ.ಡಿ. ಕೂಡ ಬಂತು. ಅದನ್ನು ಮೇಷ್ಟ್ರು ಒಂದೇ ಮಾತಿನಲ್ಲಿ ಮುಗಿಸಿದರು. ಅವರಿಗೆ ಬೇಕಿದ್ದದ್ದು ಬ್ಲೇಕ್‌ನ ಇನ್ನೊಂದು ಸಾಲನ್ನೇ ಹೆಸರಾಗಿಟ್ಟುಕೊಂಡ, ಓಎ ಬರೆದ 1983ರ ಕಾದಂಬರಿ. ಮಗನನ್ನು ಅರ್ಥ ಮಾಡಿಕೊಳ್ಳಲು ಅಪ್ಪ ಬ್ಲೇಕ್‌ನನ್ನು ಓದುತ್ತಲೇ ಇರುತ್ತಾನೆ. ಕೊನೆಯಲ್ಲಿ, ಇಪ್ಪತ್ತಕ್ಕೆ ಬಂದ ಮಗನನ್ನು ಎಂದಿನ ಮುದ್ದಿನ ಹೆಸರಿನಿಂದ ಊಟಕ್ಕೆ ಕರೆಯುತ್ತಾರೆ. ಅವನು ಬರುವುದಿಲ್ಲ. ಆ ಹೆಸರಿನವನು ಇಲ್ಲಿಲ್ಲ ಅನ್ನುತ್ತಾನೆ. ತಮ್ಮನಿಗೆ ಗೊತ್ತಾಗುತ್ತದೆ, ನಿಜವಾದ ಹೆಸರು ಹಿಡಿದು ಕರೆಯುತ್ತಾನೆ. ಆಗ ಎದ್ದು ಬರುತ್ತಾನೆ.

ನಮ್ಮಣ್ಣನೂ ಅಂಥವನೇ. ಕ್ಲಾಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವನನ್ನು ‘ಪೆದ್ದು’ ಅಂತಿದ್ದೆವು, ಪ್ರೀತಿಯಿಂದಲೇ. ಪ್ರೀತಿಯಿಂದಲೇ ಅಲ್ವಾ ಅಂತ ಆವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿಕೊಂಡೆ.

ಮನೆ ಮುಟ್ಟಿದಾಗ ಅವನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಒಳಗೆ ಹೋಗಿ ಬ್ಯಾಗ್ ಇಟ್ಟು, ಬಾಗಿಲ ಬಳಿ ನಿಂತು ಪೂರ್ತಿ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ಅವನು ಗೇಟಿನ ಕಡೆ ನೋಡಿದ, ಯಾರೋ ಬಂದಿರಬೇಕು ಅಂತ.